ಮಲೆನಾಡಿನ ಮಳೆಗಾಲ ದಾಟಿದ ಸ್ಕ್ರ್ಯಾಪ್‌ಬುಕ್: ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಸಾಗರದಂಥ ಊರಲ್ಲಿ ಕೂತು ಕಾಗದದ ಆಲ್ಬಂ ಮಾಡಿ ಮಾರುತ್ತೇನೆ ಅಂದಾಗ ಬೆನ್ನು ತಟ್ಟಿದವರಿಗಿಂತ ನಕ್ಕವರೇ ಹೆಚ್ಚು. "ತಂಗೀ, ಏನಾದರೂ ಮಾಡು, ಜೂನ್ ಒಳಗೆ ಗಿರಾಕಿ ಕೈಗೆ ದಾಟಿಸಿಬಿಡು. ಆಮೇಲೆ ಬೂಷ್ಟು ಬಂದರೆ ಅವರ ಹಣೆಬರಹ" ಅಂತ ನನಗೆ ಹೊಲಿಗೆ ಹೇಳಿಕೊಟ್ಟ ಬೈಂಡರ್ ಅಣ್ಣನೇ ಹೇಳಿದ್ದರು. ಈಗಿನ ರೀತಿಯಲ್ಲಿ ಮಾಡಿದ ಆಲ್ಬಂಗಳು ನಾಲ್ಕೈದು ಮಳೆಗಾಲ ಕಂಡಿವೆ. ಹಾಳೆ ಸೆಟೆದಿಲ್ಲ, ಫೋಟೋ ಅಂಟಿಕೊಂಡಿಲ್ಲ, ಹುಳ ಬಿದ್ದಿಲ್ಲ. ಹೋದ ವರ್ಷ ಅದೇ ಅಣ್ಣ ಮಗಳ ಸೀಮಂತದ ಆಲ್ಬಂ ನನ್ನ ಹತ್ತಿರವೇ ಮಾಡಿಸಿಕೊಂಡರು. ದುಡ್ಡು ಪೂರ್ತಿ ಎಣಿಸಿಕೊಂಡೆ.

ನನ್ನ ದುಡ್ಡು ಹೆಚ್ಚು ಕರಗಿದ್ದು ಅಂಟಿನಲ್ಲಿ. ಶುರುವಿಗೆ ಬೈಂಡರ್‌ಗಳದ್ದೇ ದಾರಿ: ಮೈದಾ ಕುದಿಸಿ, ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿದ್ದು. ಲೆಕ್ಕದ ಪುಸ್ತಕಕ್ಕೆ ಅದು ಸಾಕು. ಫೋಟೋ ಇಡುವ ಹಾಳೆಗೆ ಮಾತ್ರ ಮೈಲುತುತ್ತ ಒಳ್ಳೆಯದಲ್ಲ, ವರ್ಷ ಕಳೆದ ಹಾಗೆ ಕಾಗದದ ಜೀವ ತೆಗೆಯುತ್ತದೆ. ಹಾಕದೆ ಬಿಟ್ಟರೆ ಹುಳಗಳಿಗೆ ಸಮಾರಾಧನೆ. ಆಮೇಲೆ ಬರೀ ಫೆವಿಕಾಲ್ ಬಳಿದೆ. ಒಣಗಿದ ಮೇಲೆ ಹಾಳೆಗಳು ಸುಟ್ಟ ಹಪ್ಪಳದ ಹಾಗೆ ಎದ್ದು ಕೂತವು. ಡಬಲ್ ಸೈಡ್ ಟೇಪ್ ಮೊದಲ ವರ್ಷ ಚಂದ. ಎರಡನೇ ಬೇಸಿಗೆಗೆ ಅಂಚಿನಲ್ಲಿ ಅಂಟು ಜಿನುಗಿ ಎದುರು ಪುಟವನ್ನೂ ಹಿಡಿದುಕೊಂಡಿತು. ಗ್ಲೂ ಗನ್ ಬಗ್ಗೆ ಮಾತೇ ಬೇಡ, ಅದು ಮಕ್ಕಳ ಸ್ಕೂಲ್ ಪ್ರಾಜೆಕ್ಟಿಗೆ ಇರಲಿ. ಎಲ್ಲಕ್ಕಿಂತ ಹೊಡೆತ ಕೊಟ್ಟದ್ದು ಪ್ಲಾಸ್ಟಿಕ್ ಜೇಬಿನ ಹಾಳೆ. ನಾಮಕರಣದ ಆಲ್ಬಂ ಒಂದರಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಫೋಟೋದ ಬಣ್ಣವೆಲ್ಲ ಪ್ಲಾಸ್ಟಿಕ್ಕಿಗೆ ಬಂದಿತ್ತು. ತೆಗೆದುಕೊಂಡ ಎರಡು ಸಾವಿರ ಚಿಲ್ಲರೆ ವಾಪಸ್ ಕೊಟ್ಟು, ಪ್ರಿಂಟನ್ನೂ ನನ್ನ ದುಡ್ಡಲ್ಲೇ ಹಾಕಿಸಿಕೊಟ್ಟೆ.

ದಾರಿ ಸಿಕ್ಕಿದ್ದು ಕೇಕ್ ಸಾಮಾನಿನ ಅಂಗಡಿಯಲ್ಲಿ. ಸಕ್ಕರೆ ಹೂವು ಮಾಡುವವರು ಹಿಟ್ಟು ಬಿಗಿ ಬರಲಿ ಅಂತ ಹಾಕುವ ಸಿ.ಎಂ.ಸಿ. (ಕಾರ್ಬಾಕ್ಸಿ ಮೀಥೈಲ್ ಸೆಲ್ಯುಲೋಸ್) ಪುಡಿ ಇದೆಯಲ್ಲ, ಅದೇ. 50 ಗ್ರಾಮಿಗೆ ನೂರು ರೂಪಾಯಿ ಆಸುಪಾಸು, ತಿಂಗಳುಗಟ್ಟಲೆ ಬರುತ್ತದೆ. ಒಂದು ಲೋಟ ನೀರಿಗೆ ಚಮಚದಷ್ಟು ಉದುರಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಲೋಳೆ. ಆರು ಪಾಲು ಫೆವಿಕಾಲ್, ನಾಲ್ಕು ಪಾಲು ಲೋಳೆ ನನ್ನ ಲೆಕ್ಕ. ಕಾಗದ ತೆಳುವಾದರೆ ಲೋಳೆ ಜಾಸ್ತಿ. ಬೇಗ ಹಿಡಿಯುವುದಿಲ್ಲ, ಜರುಗಿಸಿ ಕೂರಿಸಲು ಪುರಸೊತ್ತು ಸಿಗುತ್ತದೆ, ಮೈದಾದಷ್ಟು ಹುಳಕ್ಕೆ ರುಚಿಸುವುದೂ ಇಲ್ಲ. ಬೇಕಾದಷ್ಟೇ ಕಲಸಿ, ನಾಲ್ಕು ದಿನ ಇಟ್ಟರೆ ಲೋಳೆ ನೀರಾಗಿಬಿಡುತ್ತದೆ. ಅಂಟಿನ ಜೊತೆ ಇನ್ನೊಂದು ಹನಿ ಬೀಳುತ್ತದೆ, ಅದೇನೆಂದು ಸದ್ಯಕ್ಕೆ ಕೇಳಬೇಡಿ.

ಆದರೆ ಅಂಟಿಗಿಂತ ದೊಡ್ಡ ಸಂಗತಿ, ಅಂಟನ್ನು ಎಲ್ಲಿ ಹಾಕಬಾರದು ಅನ್ನುವುದು. ಫೋಟೋವನ್ನು ನಾನು ಅಂಟಿಸುವುದೇ ಇಲ್ಲ. ಅಜ್ಜನ ಕಾಲದ ಕಪ್ಪು ಹಾಳೆಯ ಆಲ್ಬಂ ನಿಮ್ಮ ಮನೆಯಲ್ಲೂ ಇದ್ದರೆ ತೆಗೆದು ನೋಡಿ: ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಜೇಬು, ನಡುವೆ ತೆಳು ಕಾಗದ, ಬೆನ್ನಲ್ಲಿ ಹಾಳೆಗೊಂದು ದಪ್ಪ ಪಟ್ಟಿ. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಫೋಟೋ ಅದರ ಜೊತೆ ಹಿಗ್ಗುವುದಿಲ್ಲ. ಎರಡನ್ನೂ ಬಿಗಿದು ಅಂಟಿಸಿದರೆ ಒಂದು ಸೆಟೆಯಲೇಬೇಕು. ಮೂಲೆ ಜೇಬಿನಲ್ಲಿ ಕೂತ ಫೋಟೋ ತನ್ನ ಪಾಡಿಗೆ ತಾನು, ಹಾಳೆ ತನ್ನ ಪಾಡಿಗೆ ತಾನು. ಜೇಬನ್ನು ಅದೇ ಹಾಳೆಯ ತುಂಡಿನಲ್ಲಿ ಮಡಚಿಕೊಳ್ಳುತ್ತೇನೆ, ಅರ್ಧ ಇಂಚು ಸಾಕು. ನಡುವೆ ಬಟರ್ ಪೇಪರ್.

ಒಳಹಾಳೆಗೆ 250ರಿಂದ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ಹತ್ತಿ ಚಿಂದಿಯ ಕೈಕಾಗದ. ಹೊರದೇಶದ 12 ಇಂಚಿನ ಕಾರ್ಡ್‌ಸ್ಟಾಕ್ ಕಟ್ಟಿಗೆ ಸಾವಿರದ ಮೇಲೆ ಸುರಿದು ನೋಡಿದೆ, ಬಣ್ಣ ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ರಟ್ಟಿಗೆ ಸ್ಟ್ರಾ ಬೋರ್ಡ್ ಬಿಟ್ಟು 2 ಮಿ.ಮೀ. ಕಪ್ಪಾ ಬೋರ್ಡ್ (ಒತ್ತಿ ಮಾಡಿದ ಗಟ್ಟಿ ರಟ್ಟು) ಹಿಡಿದೆ. ಬೆಂಗಳೂರಿಗೆ ಹೋದಾಗ ಸುಲ್ತಾನ್‌ಪೇಟೆಯಲ್ಲಿ ಒಟ್ಟಿಗೆ ತಂದುಬಿಡುತ್ತೇನೆ, ಇಲ್ಲಿ ಬಿಡಿಯಾಗಿ ಕೊಂಡರೆ ಗಿಟ್ಟುವುದಿಲ್ಲ. ರಟ್ಟಿನ ಗ್ರೇನ್, ಅಂದರೆ ನಾರು ಓಡುವ ದಿಕ್ಕು, ಆಲ್ಬಮ್ಮಿನ ಬೆನ್ನಿಗೆ ಸಮಾನಾಂತರವಾಗಿರಲಿ. ಹಾಳೆ ಹಾಳೆಯ ನಡುವೆ ಒಂದು ಇಂಚಿನ ಪಟ್ಟಿ ಸೇರಿಸಿ ಹೊಲಿಯಿರಿ, ಇಲ್ಲದಿದ್ದರೆ ಫೋಟೋ ತುಂಬಿದ ಮೇಲೆ ಆಲ್ಬಂ ಬಾಯಿ ಮುಚ್ಚುವುದಿಲ್ಲ. ನೂಲಿಗೆ ಜೇನುಮೇಣ, ಅದಕ್ಕೆ ನಮ್ಮ ಕಡೆ ಬರವಿಲ್ಲ.

ಇನ್ನು ಹಾಳೆ, ಆಲ್ಬಂ ಇಡುವ ಬೀರು. ಜುಲೈಯಲ್ಲಿ ನಮ್ಮ ಮನೆಯೊಳಗೆ ಹ್ಯುಮಿಡಿಟಿ ಮೀಟರ್ 88, 90 ತೋರಿಸುತ್ತದೆ. 65–70 ದಾಟಿದರೆ ಬೂಷ್ಟಿಗೆ ಬಾಗಿಲು ತೆರೆದ ಹಾಗೆಯೇ. ಹಳೇ ಕಬ್ಬಿಣದ ಬೀರುವಿನ ತಳದಲ್ಲಿ ಝೀರೋ ಬಲ್ಬ್ ಹಾಕಿದೆ, ಕ್ಯಾಮೆರಾ ಲೆನ್ಸಿಗೆ ಸ್ಟುಡಿಯೋದವರು ಮಾಡುತ್ತಿದ್ದ ಉಪಾಯ. 55ರ ಆಸುಪಾಸಿಗೆ ಇಳಿಯುತ್ತದೆ. ಬಲ್ಬ್ ತಂತಿಯದ್ದೇ ಆಗಬೇಕು, ಎಲ್ಇಡಿ ಅಷ್ಟು ಬಿಸಿಯಾಗುವುದಿಲ್ಲ; ಅಂಗಡಿಯವರು ಈಗ ಅದನ್ನು ಹುಡುಕಿ ಕೊಡಬೇಕು. ಗಾಳಿಮಳೆಗೆ ಕರೆಂಟು ಹೋದರೆ ತೇವ ಹೀರುವ ಸಿಲಿಕಾ ಜೆಲ್ ಹರಳು. ನೀಲಿ ಹೋಗಿ ಗುಲಾಬಿ ಆದಾಗ ಹುರಿಯಿರಿ, ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ಬೀರುವಿನಿಂದ ತೆಗೆದ ಹಾಳೆಯನ್ನು ಒಂದು ರಾತ್ರಿ ಹೊರಗಿಟ್ಟೇ ಹೊಲಿಯಿರಿ. ತಾಳೆಗರಿ ಕಟ್ಟುಗಳ ಜೊತೆ ಬಜೆ ಇಡುತ್ತಿದ್ದದ್ದು ನೋಡಿ ನಾನೂ ಎರಡು ತುಂಡು ಹಾಕುತ್ತೇನೆ. ಅದು ಹುಳಕ್ಕೆ ಮದ್ದು, ತೇವಕ್ಕಲ್ಲ.

ಇದರ ನಡುವೆ ಅಡಿಕೆ ಚೊಗರಿನ (ಅಡಿಕೆ ಬೇಯಿಸಿ ಉಳಿದ ನೀರು) ಹುಚ್ಚು ಹಿಡಿಯಿತು. ಹೆಗ್ಗೋಡಿನ ಚರಕ ಕೈಮಗ್ಗ ಸಂಸ್ಥೆಯಲ್ಲಿ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ, ಕಾಗದಕ್ಕೆ ಯಾಕಾಗಬಾರದು ಅಂತ. ಸುಗ್ಗಿಯಲ್ಲಿ ಪಕ್ಕದ ಮನೆಯವರು ಅಡಿಕೆ ಬೇಯಿಸಿದ ಹಂಡೆಯಿಂದ ಎರಡು ಬಾಟಲಿ ತಂದೆ. ಬಣ್ಣವೇನೋ ಬಂತು, ಇಟ್ಟಿಗೆಗೂ ಕಾಫಿಗೂ ನಡುವಿನದ್ದು. ತುಕ್ಕು ಮೊಳೆ ನೆನೆಸಿದ ನೀರು ತಾಗಿಸಿದರೆ ಕಪ್ಪು. ಮುಟ್ಟಿದವರ ಬೆರಳಿಗೂ ಬಂತು. ಬೆರಳಿಗೆ ಬಾರದ ಹಾಗೆ ಮಾಡಲು ಎರಡು ಸುಗ್ಗಿ ಹಿಡಿಯಿತು, ಆ ಗುಟ್ಟು ನನ್ನಲ್ಲೇ ಇರಲಿ. ಚೊಗರು ಒಗರು, ಹುಳಿ ಗುಣದ್ದು. ರಟ್ಟಿನ ಹೊದಿಕೆಗೆ ಮಾತ್ರ, ಫೋಟೋ ಹಾಳೆಗೆ ತಾಗಿಸುವುದಿಲ್ಲ. ಅದರ ಮೇಲೆ ಹಸೆ ಚಿತ್ತಾರದ (ಮಲೆನಾಡಿನ ಗೋಡೆ ಚಿತ್ರ) ಎಳೆಗಳನ್ನು 3 ಮಿ.ಮೀ. ಕ್ವಿಲಿಂಗ್ ಪಟ್ಟಿಯಲ್ಲಿ, ಅಂದರೆ ಸುರುಳಿ ಕಲೆಗೆ ಬಳಸುವ ಸಣ್ಣ ಕಾಗದದ ಪಟ್ಟಿಯಲ್ಲಿ, ನಿಲ್ಲಿಸಿ ಅಂಟಿಸಿದ್ದು ಎಲ್ಲರಿಗೂ ಹಿಡಿಸಿದೆ. ಸುರುಳಿ ಸುತ್ತಿದರೆ ಮಳೆಗಾಲದಲ್ಲಿ ಬಿಚ್ಚಿಕೊಳ್ಳುತ್ತದೆ, ನೇರ ಗೆರೆಗೆ ಆ ಕಾಟವಿಲ್ಲ.

ಲೆಕ್ಕ ಕೇಳುವವರಿಗೆ: 10 ಇಂಚಿನ, ಇಪ್ಪತ್ತು ಹಾಳೆಯ ಆಲ್ಬಮ್ಮಿಗೆ ಸಾಮಾನು ಸಾವಿರದ ನೂರು, ಇನ್ನೂರು. ಮೊದಲು 1,800ಕ್ಕೆ ಕೊಟ್ಟು ಕೂಲಿಯೂ ಹುಟ್ಟದೆ ಹೋಯಿತು. ಈಗ 3,500, ಚೊಗರಿನ ರಟ್ಟಾದರೆ 4,000. ಚೌಕಾಸಿ ಮಾಡುವವರಿಗೆ ಹಳೆಯದೊಂದನ್ನು ಕೈಗೆ ಕೊಟ್ಟು ಪುಟ ತಿರುಗಿಸಲು ಹೇಳುತ್ತೇನೆ. ಹೊಲಿಗೆ, ರಟ್ಟಿನ ಕೆಲಸ ಏನಿದ್ದರೂ ಫೆಬ್ರವರಿಯಿಂದ ಮೇ ಒಳಗೆ. ಮಳೆ ಹಿಡಿದ ಮೇಲೆ ಬರೀ ಕತ್ತರಿಸುವುದು, ಕಾಗದದ ಪಟ್ಟಿ ಮಾಡಿಡುವುದು. ಆಷಾಢದಲ್ಲಿ ಫೋನು ಮಾಡಿ ಶ್ರಾವಣದ ಮದುವೆಗೆ ಆಲ್ಬಂ ಕೇಳುವವರಿಗೆ ದೀಪಾವಳಿ ಆದ ಮೇಲೆ ಬನ್ನಿ ಅಂತಲೇ ಹೇಳುವುದು, ಅದೂ ಅರ್ಧ ಅಡ್ವಾನ್ಸ್ ಕೊಟ್ಟರೆ.