ಪವರ್ ಸಪ್ಲೈ ಫ್ಯಾನಿನ ಸದ್ದು ಇಳಿಸುವುದು ಹೇಗೆ?

ಹವ್ಯಾಸಿಗಳ ಹ್ಯಾಮ್ ರೇಡಿಯೋದಲ್ಲಿ ದೂರದ ಸಣ್ಣ ಸಿಗ್ನಲ್‌ಗೆ ಕಿವಿಗೊಟ್ಟು ಕೂತಾಗ, ಪಕ್ಕದಲ್ಲೇ ಪವರ್ ಸಪ್ಲೈ ಫ್ಯಾನ್ ಗುರುಗುಟ್ಟಿದರೆ ಅರ್ಧ ಮಾತು ಕೇಳಿಸುವುದೇ ಇಲ್ಲ. ಮಂಗಳೂರು, ಉಡುಪಿ ಕಡೆ ಈ ಕಾಟ ಜಾಸ್ತಿ. ಸೆಕೆಗೆ ಫ್ಯಾನ್ ಬಿಡುವಿಲ್ಲದೆ ಓಡುತ್ತದೆ. ಮಲ್ಪೆ, ಸುರತ್ಕಲ್‌ನಂಥ ಕಡಲ ಬದಿಯ ಮನೆಗಳಲ್ಲಿ ತೇವದ ಉಪ್ಪು ಗಾಳಿಗೆ ಧೂಳು ರೆಕ್ಕೆಗೆ ಅಂಟಿಕೊಳ್ಳುತ್ತದೆ. ಸದ್ದು ತಾಳಲಾರದೆ ಫ್ಯಾನಿನ ವೈರನ್ನೇ ಕತ್ತರಿಸಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಟ್ರಾನ್ಸಿಸ್ಟರ್ ಸುಟ್ಟು ಹೋಗುತ್ತದೆ.

ಮೊದಲು ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಹಾಗೇ ಬಿಡಿ. ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಇರುತ್ತದೆ. ಮೀಟರ್ ಇಟ್ಟು, ಅದು ಇಳಿದದ್ದು ನೋಡಿಯೇ ಕೈ ಹಾಕಿ.

ಧೂಳನ್ನು ಬ್ರಷ್‌ನಿಂದ ತೆಗೆದು, ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ. ಕರಕರ ಅಂದರೆ ಬೇರಿಂಗ್ ಹೋಗಿದೆ. ಸ್ಲೀವ್ ಬೇರಿಂಗ್ (ಗುಂಡುಗಳಿಲ್ಲದ, ಬರೀ ಕೊಳವೆಯಂಥದ್ದು) ಆದರೆ ಸ್ಟಿಕ್ಕರ್ ಎಬ್ಬಿಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದೆರಡು ತೊಟ್ಟು ಬಿಟ್ಟರೆ ಸ್ವಲ್ಪ ಕಾಲ ನಡೆಯುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡವೇ ಬೇಡ, ಅದು ಕ್ರಮೇಣ ಜಿಗುಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ. ನನ್ನ ಮಾತು ಕೇಳುವುದಾದರೆ ಹೊಸ ಬಾಲ್ ಬೇರಿಂಗ್ ಫ್ಯಾನ್ ಹಾಕಿಬಿಡಿ. ಅಳತೆ ಅದೇ ಇರಲಿ, ಗಾಳಿ ಹೋಗುವ ದಿಕ್ಕೂ ಮೊದಲಿನಂತೆಯೇ ಇರಲಿ.

ಬೇರಿಂಗ್ ಚೆನ್ನಾಗಿದ್ದೂ ಭರ್ರೆಂದು ಸದ್ದು ಬರುತ್ತಿದೆ ಅಂದರೆ ವೇಗ ಇಳಿಸಬೇಕು. ಎಲ್ಲರೂ ಎಡವುವುದು ಇಲ್ಲೇ. ಬರೀ ರೆಸಿಸ್ಟರ್ ಹಾಕಿ ಮುಚ್ಚಿಬಿಡುತ್ತಾರೆ. ಆಮೇಲೆ ಬೇಸಗೆಯಲ್ಲಿ ಎಫ್‌ಟಿ8ನಂಥ, ಮತ್ತೆ ಮತ್ತೆ ಟ್ರಾನ್ಸ್‌ಮಿಟ್ ಮಾಡುವ ಡಿಜಿಟಲ್ ಮೋಡ್‌ನಲ್ಲಿ ಕೂತರೆ ಬಿಸಿ ಏರುತ್ತಲೇ ಹೋಗುತ್ತದೆ. ರೆಸಿಸ್ಟರ್ ಜೊತೆಗೆ ಥರ್ಮಲ್ ಸ್ವಿಚ್ (ಬಿಸಿಗೆ ತಾನಾಗಿ ಕೆಲಸ ಮಾಡುವ ಸ್ವಿಚ್) ಬೇಕೇ ಬೇಕು.

12 ವೋಲ್ಟ್, 0.15 ಆಂಪಿಯರ್ ಫ್ಯಾನಿಗೆ 13.8 ವೋಲ್ಟ್ ಬರುತ್ತಿದ್ದರೆ, ಕೆಂಪು ವೈರ್‌ನಲ್ಲಿ 47 ಓಮ್, 2 ವಾಟ್ ರೆಸಿಸ್ಟರ್ ಸಿರೀಸ್‌ನಲ್ಲಿ ಸೇರಿಸಿ. ಫ್ಯಾನಿಗೆ 9 ವೋಲ್ಟ್ ಆಸುಪಾಸು ಸಿಗುತ್ತದೆ. ಮೀಟರ್‌ನಲ್ಲಿ ನೋಡಿ, ಕಡಿಮೆಯಾದರೆ 33 ಓಮ್ ಹಾಕಿ. ಆಫ್ ಮಾಡಿ ಆನ್ ಮಾಡಿದಾಗ ಪ್ರತಿ ಸಲವೂ ಫ್ಯಾನ್ ತಾನಾಗಿ ಹೊರಡಬೇಕು. 230 ವೋಲ್ಟಿನ ಎಸಿ ಫ್ಯಾನಿಗೆ ಈ ಲೆಕ್ಕ ನಡೆಯುವುದಿಲ್ಲ.

ಈಗ ಕೆಎಸ್‌ಡಿ-9700 ಥರ್ಮಲ್ ಸ್ವಿಚ್ಚನ್ನು ಅದೇ ರೆಸಿಸ್ಟರ್‌ನ ಎರಡು ತುದಿಗೆ ಅಡ್ಡಲಾಗಿ ಬೆಸೆಯಿರಿ. ಬಿಸಿಯಾದಾಗ ಸ್ವಿಚ್ ಮುಚ್ಚಿಕೊಂಡು ರೆಸಿಸ್ಟರನ್ನು ದಾಟಿಸುತ್ತದೆ, ಫ್ಯಾನ್ ಪೂರ್ತಿ ವೇಗದಲ್ಲಿ ಓಡುತ್ತದೆ. ಅಂಗಡಿಯಲ್ಲಿ "ನಾರ್ಮಲಿ ಓಪನ್" ಅಂತ ಕೇಳಿಯೇ ತನ್ನಿ. ನೋಡಲು ಒಂದೇ ಥರ ಇರುವ "ನಾರ್ಮಲಿ ಕ್ಲೋಸ್ಡ್" ಹಾಕಿದರೆ ಕೆಲಸ ತಿರುಗುಮುರುಗು: ತಣ್ಣಗಿದ್ದಾಗ ಗಲಾಟೆ, ಬಿಸಿಯಾದಾಗ ನಿಧಾನ! ಬೆಸೆಯುವ ಮುಂಚೆ ಸ್ವಿಚ್ಚನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಿನೀರಲ್ಲಿ ಅದ್ದಿ. ಕಂಟಿನ್ಯೂಟಿಗೆ ಇಟ್ಟ ಮೀಟರ್ ತಣ್ಣಗಿರುವಾಗ ಸುಮ್ಮನಿರಬೇಕು, ಬಿಸಿಯಾದಾಗ ಬೀಪ್ ಅನ್ನಬೇಕು.

40 ಡಿಗ್ರಿಗೆ ಮುಚ್ಚಿಕೊಳ್ಳುವ ಸ್ವಿಚ್ ಬೇಡ. ನಮ್ಮ ಏಪ್ರಿಲ್–ಮೇ ಸೆಕೆಯಲ್ಲಿ ಅದು ಸುಮ್ನೆ ಮುಚ್ಚಿಕೊಂಡೇ ಇರುತ್ತದೆ. 50 ಡಿಗ್ರಿ ಸರಿ. ಅದನ್ನು ಟ್ರಾನ್ಸಿಸ್ಟರ್‌ಗೆ ಹತ್ತಿರ, ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಮೇಲೆ ಥರ್ಮಲ್ ಪೇಸ್ಟ್ ಹಚ್ಚಿ ಬಿಗಿಯಾಗಿ ಕೂರಿಸಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಬೇಡಿ, ಕಾಲುಗಳಿಗೂ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಏರಿಸಿ.

ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡಿ ವೇಗ ಇಳಿಸುವ ಅಗ್ಗದ ಪಿಡಬ್ಲ್ಯೂಎಂ ಸ್ಪೀಡ್ ಕಂಟ್ರೋಲರ್ ಬೋರ್ಡ್‌ಗಳ ಗೊಡವೆಗೆ ಹೋಗಬೇಡಿ. ಫ್ಯಾನಿನ ಸದ್ದು ಇಳಿದರೂ ರಿಸೀವರ್‌ನಲ್ಲಿ ಹೊಸ ಗೊರಗೊರ ಶುರುವಾಗುತ್ತದೆ, ಆಗ ಏನು ಲಾಭ ಅಲ್ವಾ?

ಫ್ಯಾನನ್ನು ರಬ್ಬರ್ ವಾಷರ್ ಇಟ್ಟು ಕೂರಿಸಿ. ಸ್ಕ್ರೂ ಜಾಸ್ತಿ ಬಿಗಿದರೆ ಚೌಕಟ್ಟು ಸೊಟ್ಟಗಾಗಿ ಮತ್ತೆ ಸದ್ದು.

ಕೊನೆಗೆ ಕವರ್ ಮುಚ್ಚಿ, ರೇಡಿಯೋಗೆ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಸೇರಿಸಿ ಟ್ರಾನ್ಸ್‌ಮಿಟ್ ಮಾಡಿ. ಹೀಟ್ ಸಿಂಕ್ ಕಾದ ಮೇಲೆ ಫ್ಯಾನಿನ ವೇಗ ಏರಬೇಕು. ಏರದಿದ್ದರೆ ಸ್ವಿಚ್ ಸರಿಯಾಗಿ ಅಂಟಿಲ್ಲ. ಪ್ಲಗ್ ಕಿತ್ತು, ಸ್ವಿಚ್ಚನ್ನು ಮತ್ತೆ ಕೂರಿಸಿ.