ಅರ್ಜಿ ತುಂಬುವ ಟೇಬಲ್ಲೇ ನನ್ನ ಕೌನ್ಸೆಲಿಂಗ್ ರೂಮು

ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳು ತಮ್ಮ ಮನೆಯಲ್ಲೇ ಮೊದಲು ಡಿಗ್ರಿಗೆ ಬಂದವರು. ಎಷ್ಟೋ ಜನರ ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. 60ರಲ್ಲಿ 14-15 ಜನ. "ಓದೋ ಮನಸ್ಸಿಲ್ಲ ಬಿಡಿ" ಎಂದು ಸ್ಟಾಫ್ ರೂಮಿನಲ್ಲಿ ಮಾತು ಮುಗಿಯುತ್ತಿತ್ತು. ನನಗೆ ಹಾಗನಿಸಲಿಲ್ಲ.

ಮೊದಲು ಮಾಡಿದ್ದೆಲ್ಲ ದಂಡವಾಯಿತು. 'ಆಪ್ತ ಸಮಾಲೋಚನೆ ಕೊಠಡಿ' ಅಂತ ಬೋರ್ಡು ಬರೆಸಿದೆ, 800 ರೂಪಾಯಿ. ಇಡೀ ಸೆಮಿಸ್ಟರ್‌ನಲ್ಲಿ ಬಂದವರು ಇಬ್ಬರು, ಇಬ್ಬರೂ ಟಿಸಿ ಕೇಳಲು. ಆಮೇಲೆ ಡಾಕ್ಟರೊಬ್ಬರನ್ನು ಕರೆಸಿ ಉಪನ್ಯಾಸ ಇಟ್ಟೆ. ಕಾರು, ಶಾಲು, ತಿಂಡಿ ಸೇರಿ 6,000 ಹತ್ತಿರ, ಅರ್ಧ ನನ್ನ ಜೇಬಿನದು. ಒಂದೂ ಪ್ರಶ್ನೆ ಬರಲಿಲ್ಲ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಾಳೆ ಜೆರಾಕ್ಸ್ ಮಾಡಿ ಹಂಚಿದೆ. ಒಂಬತ್ತಕ್ಕೂ ಸೊನ್ನೆ ಹಾಕಿ ಕೊಟ್ಟರು. ಬೆಂಚಿಗೆ ನಾಲ್ಕು ಜನ ಒತ್ತಿಕೊಂಡು ಕೂತಾಗ ನಿಜ ಯಾರು ಬರೀತಾರೆ, ಅಲ್ವಾ?

ದಾರಿ ಸಿಕ್ಕಿದ್ದು ಸ್ಕಾಲರ್‌ಶಿಪ್ ಅರ್ಜಿಯಿಂದ. ಒಬ್ಬ ಹುಡುಗ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಿಡಿದು ಬಂದ. ವಿವರವನ್ನೆಲ್ಲ ಮೊದಲು ಹಾಳೆಯಲ್ಲಿ ಬರೆಸುತ್ತೇನೆ. 'ಅಪ್ಪನ ಕೆಲಸ' ಅನ್ನುವಲ್ಲಿ 'ಕೂಲಿ' ಎಂದು ಬರೆದು ಅಂಗೈ ಮುಚ್ಚಿದ. ಹಿಂದೆ ಗೆಳೆಯ ನಿಂತಿದ್ದ. ಗೆಳೆಯನನ್ನು ಚಹಾ ತರಲು ಕಳಿಸಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಹೇಳಿದ: "ನಾ ಫೇಲಾದ್ರ ಊರಿಗೂರೇ ಫೇಲಾದಂಗ್ರಿ ಸರ. ಅವ್ವ ಎಲ್ಲಾರ ಮುಂದೂ ಹೇಳ್ಯಾಳ." ಮೂರು ವಾರದಿಂದ ಅವನಿಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಮಾರನೇ ದಿನವೇ ಬೋರ್ಡು ಇಳಿಸಿ ಅರ್ಜಿ ಟೇಬಲ್ ಹಾಕಿದೆ. ವಾರಕ್ಕೆ ಎರಡು ದಿನ, ಒಂದು ಸಲಕ್ಕೆ ಒಬ್ಬರೇ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಯ್ತಾ, ಹಾಸ್ಟೆಲ್ ಸಿಗದವರಿಗೆ ಸರ್ಕಾರ ಕೊಡುವ ವಿದ್ಯಾಸಿರಿಯ ದುಡ್ಡು ಬಂತಾ ಎಂದು ದುಡ್ಡಿನ ಮಾತು ಶುರುವಾದರೆ ಉಳಿದದ್ದು ತಾನಾಗಿ ಬರುತ್ತದೆ. ಅದಾದ ಮೇಲೆ ನಾನು ಕೇಳುವ ಒಂದು ಪ್ರಶ್ನೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಗೊತ್ತಾದರೆ ಮಕ್ಕಳು ಉತ್ತರ ರೆಡಿ ಮಾಡಿಕೊಂಡು ಬರುತ್ತಾರೆ.

ಮುಂದಿನದು ಮನೆಗೆ ಫೋನ್. ಮಗು ಒಪ್ಪಿದರೆ ಮಾತ್ರ, ಅವರ ಎದುರಿಗೇ, ಇಂಟರ್ನಲ್ಸ್‌ಗೆ ಮುಂಚೆ. ಗುಳೆ ಹೋದವರು ಶೆಡ್ಡಿಗೆ ಮರಳುವುದು ಸಂಜೆ 7ರ ಮೇಲೆ, ಅದಕ್ಕೇ ಆಗಲೇ ಮಾಡಬೇಕು. ಆ 'ಕೂಲಿ' ಬರೆದ ಹುಡುಗನ ಅವ್ವನಿಗೂ ಹಾಗೇ ಫೋನ್ ಮಾಡಿ, "ಮೊದಲ ಸೆಮ್‌ನಾಗ ಒಂದೆರಡು ಸಬ್ಜೆಕ್ಟ್ ಉಳಿಯೋದು ಇರ್ತದವ್ವ, ಮುಂದ ಪಾಸ್ ಮಾಡ್ಕೋತಾನ" ಅಂದೆ. "ಇಷ್ಟೇ ಏನ್ರಿ ಸರ? ಹುಡುಗಗ ಏನಾತೋ ಅಂತ ಎದಿ ಒಡದಿತ್ತು" ಅಂದಳು ಆ ತಾಯಿ. ಹುಡುಗ ಟೇಬಲ್ ಮೇಲೆ ತಲೆಯಿಟ್ಟು ಅತ್ತುಬಿಟ್ಟ.

ನಡುವೆ ಸೀನಿಯರ್-ಜೂನಿಯರ್ ಜೋಡಿ ಮಾಡಿ ನೋಡಿದೆ. ಹುಡುಗಿಯರಲ್ಲಿ ಚೆನ್ನಾಗಿ ನಡೆಯಿತು. ಹುಡುಗರಲ್ಲಿ ಸೀನಿಯರ್‌ಗಳು ಜೂನಿಯರ್‌ಗಳ ಹತ್ತಿರ ಸಾಲ ಕೇಳಲು ಶುರುಮಾಡಿದರು, ನಿಲ್ಲಿಸಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಲು ಒಂದೊಂದು ನೋಟ್‌ಬುಕ್ ಕೊಟ್ಟೆ. ಕ್ಲಾಸಿನಲ್ಲಿ ಬಾಯಿ ಬಿಡುವವರು ಜಾಸ್ತಿಯಾದರು.

ಸಾಯುವ ಮಾತು ಬಂದರೆ ನನ್ನೊಳಗೇ ಇಟ್ಟುಕೊಳ್ಳುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ ಅಲ್ಲೇ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿಸುತ್ತೇನೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೂ ನಾನೇ ಜೊತೆಗೆ ಹೋಗುತ್ತೇನೆ. ಮೂರು ವರ್ಷದಲ್ಲಿ ಹಾಗೆ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಐದೋ ಆರೋ ಮಕ್ಕಳನ್ನು.

"ಇದು ಮೇಷ್ಟ್ರ ಕೆಲಸ ಅಲ್ಲ" ಎಂದವರೇ ಈಗ ತಮ್ಮ ಕ್ಲಾಸಿನ ಮಕ್ಕಳನ್ನು ನನ್ನ ಟೇಬಲ್ಲಿಗೆ ಕಳಿಸುತ್ತಾರೆ. ವರ್ಷದ ಖರ್ಚು ಚಹಾ, ಜೆರಾಕ್ಸ್ ಸೇರಿ 4,000 ದಾಟಿಲ್ಲ. ಕಳೆದ ವರ್ಷ ಕಾಲೇಜು ಬಿಟ್ಟವರು ನಾಲ್ಕೇ ಜನ. ಅದರಲ್ಲಿ ಇಬ್ಬರು ಹುಡುಗಿಯರು, ಮದುವೆಯಾಗಿ ಹೋದರು. ನಾನು ಆ ಮನೆಗಳಿಗೆ ಫೋನ್ ಮಾಡುವಷ್ಟರಲ್ಲಿ ಲಗ್ನಪತ್ರಿಕೆ ಅಚ್ಚಾಗಿತ್ತು. ಈ ಸಲ ಹುಡುಗಿಯರ ಮನೆಗೆ ಮೊದಲ ತಿಂಗಳಲ್ಲೇ ಫೋನ್ ಶುರು ಮಾಡಿದ್ದೇನೆ.