ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ

ಮಳೆಗಾಲ ಶುರುವಾದ ವಾರದಲ್ಲೇ ಗುಡುಗು ಸಿಡಿಲಿಗೆ ನಮ್ಮ ಮನೆಯ ರೌಟರ್ ಸುಟ್ಟುಹೋಯಿತು. ನೆಟ್ ಕಂಪನಿಯ ಹುಡುಗ ಹೊಸದು ತಂದು ಕೂರಿಸಿ, ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ, ಮೊಬೈಲಿನಲ್ಲಿ ಒಂದು ಯೂಟ್ಯೂಬ್ ವಿಡಿಯೊ ಓಡಿಸಿ ತೋರಿಸಿ ಹೊರಟ.

ನಾನು ಪುಸ್ತಕಗಳ ಪುಟವಿನ್ಯಾಸ ಮಾಡುವವನು. ಉಬುಂಟು ಲಿನಕ್ಸ್ ಹಾಕಿದ ಲ್ಯಾಪ್‌ಟಾಪೇ ನನಗೆ ಅನ್ನ ಕೊಡುವುದು. ಅವತ್ತು ರಾತ್ರಿಯೊಳಗೆ ಒಂದು ಪುಸ್ತಕದ ಫೈಲು ಪ್ರೆಸ್ಸಿಗೆ ಹೋಗಬೇಕಿತ್ತು. ಅಪ್‌ಲೋಡ್ ಶುರುವಾದಲ್ಲೇ ನಿಂತಿತು. ಕೆಲವು ತಾಣಗಳು ತೆರೆಯುತ್ತವೆ. ಬ್ಯಾಂಕಿನ ಪುಟ ಮಾತ್ರ ಸುಮ್ಮನೆ ತಿರುಗುತ್ತ ಕೂರುತ್ತದೆ. ಒಳಗಿನಿಂದ ಅಮ್ಮ, ‘ನೆಟ್ ಚೆನ್ನಾಗೇ ಬರ್ತಾ ಇದೆಯಲ್ಲೋ, ಯೂಟ್ಯೂಬ್ ಒಂದ್ಸಲನೂ ನಿಲ್ಲಲಿಲ್ಲ’ ಅಂದರು. ಸಹಾಯವಾಣಿಗೆ ಫೋನ್ ಮಾಡಿದರೆ, ‘ಲೈನ್ ಸರಿ ಇದೆ ಸರ್, ನಿಮ್ಮ ಲಿನಕ್ಸ್‌ದೇ ತೊಂದರೆ’ ಎಂಬ ಉತ್ತರ. ಆ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬಂತು. ಪರೀಕ್ಷೆ ಮಾಡದೆ ಹೇಳಿದ ಮಾತು ಅದು.

ಮನೆಯೊಳಗಿಂದ ಹೊರಗೆ ಒಂದೊಂದೇ ಹೆಜ್ಜೆ ಇಟ್ಟು ನೋಡುವುದು ನನ್ನ ರೂಢಿ. ಆಜ್ಞೆ ಟೈಪ್ ಮಾಡುವ ಕಿಟಕಿ ಟರ್ಮಿನಲ್ ತೆರೆದು ‘ಐಪಿ ರೂಟ್’ ಕೊಟ್ಟೆ. ರೌಟರಿನ ವಿಳಾಸ 192.168.1.1 ಎಂದು ತೋರಿಸಿತು. ಅದಕ್ಕೆ ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ’ ಎಂದು ಪುಟ್ಟ ಸಂದೇಶ ಕಳಿಸಿ ಕೇಳಿದರೆ, ತಕ್ಷಣ ಉತ್ತರ. ಇಲ್ಲೇ ಉತ್ತರ ಬಾರದಿದ್ದರೆ ವೈಫೈ ಅಥವಾ ಕೇಬಲ್ ನೋಡಬೇಕಿತ್ತು. ಮುಂದೆ ಹೊರಗಿನ ಇಂಟರ್ನೆಟ್ಟಿನ ಒಂದು ಸರ್ವರಾದ 1.1.1.1ಕ್ಕೆ ಪಿಂಗ್, ಅದೂ ಸರಿ, ಅಂದರೆ ರೌಟರಿನಾಚೆಗಿನ ಲೈನ್ ಬದುಕಿದೆ. ‘ರಿಸಾಲ್ವ್‌ಸಿಟಿಎಲ್ ಕ್ವೆರಿ’ ಎಂದು ಬ್ಯಾಂಕಿನ ತಾಣದ ಹೆಸರು ಕೊಟ್ಟಾಗ ಐಪಿ ವಿಳಾಸವೂ ಬಂತು. ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಕೂಡ ಸರಿ. ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಕಡೆ ಕಳ್ಳ ಸಿಕ್ಕಿಬೀಳುತ್ತಾನೆ. ಅವತ್ತು ಸಿಗಲಿಲ್ಲ.

ಆಮೇಲೆ ‘ಕರ್ಲ್ -ವಿ’ ಆಜ್ಞೆಯಿಂದ ಅದೇ ತಾಣವನ್ನು ಕರೆದೆ. ‘ಕನೆಕ್ಟೆಡ್’ ಎಂದು ಬಂತು. ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್ ಮಾತುಕತೆಯ ಮೊದಲ ಸಾಲು ‘ಕ್ಲೈಂಟ್ ಹಲೋ’ ಬಂತು. ಅಲ್ಲಿಗೆ ನಿಂತಿತು. ಕರ್ಸರ್ ಮಿನುಗುತ್ತಿದೆ, ಮುಂದಿನ ಸಾಲಿಲ್ಲ. ಅದನ್ನೇ ನೋಡುತ್ತ ಕೂತಾಗ ಹೊಳೆಯಿತು: ಸಂಪರ್ಕ ಕೂಡಿಸುವ ಪ್ಯಾಕೆಟ್‌ಗಳು (ಮಾಹಿತಿಯ ಕಟ್ಟುಗಳು) ಚಿಕ್ಕವು. ಆದರೆ ಅದರ ಬೆನ್ನಿಗೆ ಸರ್ವರ್ ಕಳಿಸುವ ತನ್ನ ಗುರುತಿನ ಪ್ರಮಾಣಪತ್ರ ಕೆಲವು ಸಾವಿರ ಬೈಟ್ ತೂಗುತ್ತದೆ, ಅದು ತುಂಬಿದ ಪ್ಯಾಕೆಟ್‌ಗಳಲ್ಲೇ ಬರುತ್ತದೆ. ಬೇಲಿಯ ದಣಪೆಯಲ್ಲಿ ಮನುಷ್ಯ ದಾಟುತ್ತಾನೆ, ಹುಲ್ಲುಹೊರೆ ಸಿಕ್ಕಿಕೊಳ್ಳುತ್ತದೆ. ಇಲ್ಲೂ ಹಾಗೇ ಆಗಿದೆ ಅನ್ನಿಸಿತು.

ಇದನ್ನು ಅಳೆದು ನೋಡಬಹುದು. ಪಿಂಗ್ ಆಜ್ಞೆಗೆ ‘-ಎಂ ಡೂ’ ಸೇರಿಸಿದರೆ (ಎಂ ದೊಡ್ಡಕ್ಷರ) ಪ್ಯಾಕೆಟ್ಟನ್ನು ದಾರಿಯಲ್ಲಿ ತುಂಡು ಮಾಡುವಂತಿಲ್ಲ. ‘-ಎಸ್’ ಮುಂದೆ ಗಾತ್ರ. 1.1.1.1ಕ್ಕೆ 1472 ಕಳಿಸಿದೆ, ಉತ್ತರವಿಲ್ಲ. 1400, ಬಂತು. 1464, ಬಂತು. 1465, ಮೌನ. ಎರಡು ಮೂರು ಸಲ ಅದನ್ನೇ ಮಾಡಿದೆ. 1464ಕ್ಕೆ ಉತ್ತರ, ಒಂದೇ ಬೈಟ್ ಹೆಚ್ಚಾದರೆ ಮೌನ. ಇದಕ್ಕೆ ಪ್ಯಾಕೆಟ್ಟಿನ ತಲೆಬರಹಗಳನ್ನು, ಅಂದರೆ ಐಪಿ ಹೆಡರಿನ 20, ಪಿಂಗ್ ಬಳಸುವ ಐಸಿಎಂಪಿ ಹೆಡರಿನ 8 ಸೇರಿಸಿದರೆ 1492. ನಮ್ಮದು ಪಿಪಿಪಿಒಇ ಸಂಪರ್ಕ, ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕೂಡುವಂಥದ್ದು. ಈಥರ್ನೆಟ್‌ನ 1500 ಬೈಟಿನಲ್ಲಿ 8 ಬೈಟ್ ಅದಕ್ಕೇ ಬೇಕು. ಲೆಕ್ಕ ಸರಿಯಾಗಿ ಕೂತಿತು. ಅಮ್ಮನ ಯೂಟ್ಯೂಬ್ ಓಡುತ್ತಿದ್ದುದೂ ಈಗ ಅರ್ಥವಾಯಿತು: ಅದು ಹೆಚ್ಚಾಗಿ ಕ್ವಿಕ್ ಎಂಬ ವಿಧಾನದಲ್ಲಿ ಬರುತ್ತದೆ, ಅದರ ಪ್ಯಾಕೆಟ್‌ಗಳನ್ನು ಮೊದಲೇ ಚಿಕ್ಕದಾಗಿ ಕಟ್ಟಿರುತ್ತಾರೆ.

ಮೊದಲು ಲ್ಯಾಪ್‌ಟಾಪಿನಲ್ಲೇ ಸರಿಮಾಡಿ ನೋಡಿದೆ. ‘ಸುಡೊ ಐಪಿ ಲಿಂಕ್ ಸೆಟ್ ಡೆವ್’, ಆಮೇಲೆ ವೈಫೈ ಕಾರ್ಡಿನ ಹೆಸರು, ಕೊನೆಗೆ ‘ಎಂಟಿಯು 1492’. ಎಂಟಿಯು ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಎಂಟರ್ ಒತ್ತಿ ಪುಟ ಮತ್ತೆ ಕರೆದೆ. ಬ್ಯಾಂಕಿನ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಸಂಪರ್ಕ ಕೂಡಿಸುವಾಗಲೇ ಲ್ಯಾಪ್‌ಟಾಪ್ ಸರ್ವರಿಗೆ ‘ಒಂದು ಸಲಕ್ಕೆ 1452 ಬೈಟಿಗಿಂತ ಹೆಚ್ಚು ಕಳಿಸಬೇಡ’ ಎಂದು ಹೇಳತೊಡಗಿತ್ತು, ಅಷ್ಟೇ (1492ರಲ್ಲಿ 40 ಬೈಟ್ ಹೆಡರುಗಳಿಗೇ ಹೋಗುತ್ತದೆ). ಕೂಡಲೇ ಪ್ರೆಸ್ಸಿನ ಫೈಲು ಕಳಿಸಿದೆ.

ಆದರೆ ಈ ಬದಲಾವಣೆ ಲ್ಯಾಪ್‌ಟಾಪ್ ಮತ್ತೆ ಶುರುಮಾಡಿದರೆ ಹೋಗಿಬಿಡುತ್ತದೆ, ಮನೆಯ ಬೇರೆ ಸಾಧನಗಳಿಗೆ ಉಪಯೋಗವೂ ಇಲ್ಲ. ಹಾಗಾಗಿ ಬ್ರೌಸರಿನಲ್ಲಿ 192.168.1.1 ತೆರೆದು, ರೌಟರಿನ ವ್ಯಾನ್ (ಹೊರಗಿನ ಲೈನ್) ಸೆಟ್ಟಿಂಗ್‌ಗೆ ಹೋದೆ. ಎಂಟಿಯು ಎಂಬಲ್ಲಿ 1500 ಎಂದೇ ಇತ್ತು. 1492 ಮಾಡಿ ಸೇವ್ ಕೊಟ್ಟು, ಲೈನ್ ಮತ್ತೆ ಕೂಡಿಕೊಂಡ ಮೇಲೆ ಲ್ಯಾಪ್‌ಟಾಪನ್ನು ಬೇಕೆಂದೇ 1500ಕ್ಕೆ ವಾಪಸು ತಂದು ನೋಡಿದೆ. ಎಲ್ಲ ಪುಟಗಳೂ ತೆರೆದವು. ಕೆಲವು ರೌಟರ್‌ಗಳಲ್ಲಿ ‘ಎಂಎಸ್‌ಎಸ್ ಕ್ಲ್ಯಾಂಪಿಂಗ್’ ಎಂಬ ಬೇರೆ ಆಯ್ಕೆ ಇರುತ್ತದೆ, ಒಂದು ಸಲಕ್ಕೆ ಕಳಿಸುವ ಬೈಟಿನ ಮಿತಿಯನ್ನು ರೌಟರೇ ತಗ್ಗಿಸುವಂಥದ್ದು. ಅದನ್ನೂ ಆನ್ ಮಾಡಿಡಬೇಕು.

ರೌಟರಿನ ಹಿಂಬದಿಗೆ ಬಿಳಿ ಟೇಪು ಅಂಟಿಸಿ ‘ಎಂಟಿಯು 1492’ ಎಂದು ಬರೆದಿಟ್ಟಿದ್ದೇನೆ. ಸಿಡಿಲಿನ ಕಾಲ ಇನ್ನೂ ಮುಗಿದಿಲ್ಲ.